ಮಗನ ವಾಟ್ಸಾಪ್ ಕದ್ದು ಓದಿದೆ, ಈಗ ಬಾಯಿ ಬಿಡೋದು ಹೇಗೆ?

ಜೇವರ್ಗಿ ರೋಡ್ ಅಮ್ಮ:
ಬೈಯೋರು ಬೈರಿ, ಆದರೆ ಪೂರ್ತಿ ಓದಿ ಬೈರಿ. ನಾವು ಕಲಬುರಗಿಯವರು. ಮಗನಿಗೆ 15 ವರ್ಷ, ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದಾನೆ. ನಮ್ಮೂರ ಬಿಸಿಲು ನಿಮಗೆ ಗೊತ್ತೇ ಇದೆ, ಬೆಳಿಗ್ಗೆ 10ರ ಮೇಲೆ ಹೊರಗೆ ಹೋಗಿ ಆಡು ಅನ್ನುವ ಹಾಗಿಲ್ಲ, ಹಾಗಾಗಿ ಕೂಲರ್ ಮುಂದೆ ಚಾಪೆ ಹಾಸಿಕೊಂಡು ಸಂಜೆ ತನಕ ಫೋನೇ ಫೋನು. ಅದನ್ನೂ ಸಹಿಸಿಕೊಂಡಿದ್ದೆ. ಆದರೆ ಒಂದು ತಿಂಗಳಿಂದ ನಾನು ಹತ್ತಿರ ಹೋದರೆ ಸಾಕು, ಫೋನ್ ಮಗುಚಿ ಇಡುತ್ತಾನೆ.

ಭಾನುವಾರ ಅವನು ಸ್ನಾನಕ್ಕೆ ಹೋದಾಗ ಅವನ ವಾಟ್ಸಾಪನ್ನು ನನ್ನ ಲ್ಯಾಪ್‌ಟಾಪಿಗೆ ಜೋಡಿಸಿಬಿಟ್ಟೆ. ಪ್ಯಾಟರ್ನ್ ಗೊತ್ತಿತ್ತು, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದೆ, ಒಂದು ನಿಮಿಷ ಹಿಡಿಯಲಿಲ್ಲ. ಮುಕ್ಕಾಲು ಭಾಗ ಕ್ರಿಕೆಟ್ಟು, ಹುಡುಗರ ಹುಚ್ಚಾಟ, ಒಂದು ಹುಡುಗಿ ವಿಷಯ (ಅದನ್ನು ಓದದೆ ಮುಂದೆ ಹೋದೆ, ನಿಜವಾಗಿ). ಆಮೇಲೆ ಒಂದು ಹೆಸರಿಲ್ಲದ ನಂಬರ್. ಇವನ ಗೇಮ್ ಐಡಿಯನ್ನು 4 ಸಾವಿರಕ್ಕೆ ಕೊಳ್ಳುತ್ತಾನಂತೆ. 'ಜಿಮೇಲ್ ಪಾಸ್‌ವರ್ಡ್ ಕಳಿಸು, ಒಟಿಪಿ ಬಂದ ಕೂಡಲೇ ಹೇಳು, ದುಡ್ಡು ಆಮೇಲೆ ಹಾಕ್ತೀನಿ' ಅಂತ ಬರೆದಿದ್ದಾನೆ. ನಮ್ಮವನು 'ನಾಳೆ ಹೇಳ್ತೀನಿ ಅಣ್ಣಾ' ಅಂದಿದ್ದಾನೆ. ಆ ಜಿಮೇಲ್ ಮಾಡಿಕೊಟ್ಟವಳು ನಾನೇ. ಮನೆಯವರೆಲ್ಲರ ಫೋಟೋ ಅದರಲ್ಲೇ ಇದೆ, ಪ್ಲೇ ಸ್ಟೋರಿಗೆ ಹಾಕಿದ ಕಾರ್ಡೂ ನನ್ನದೇ.

ಹೇಳಿದರೆ 'ನಿನಗೆ ಹೇಗೆ ಗೊತ್ತಾಯ್ತು' ಅಂತಾನೆ. ಹೇಳದಿದ್ದರೆ ನಾಳೆ ಒಟಿಪಿ ಕೊಡುತ್ತಾನೆ. ಯಜಮಾನರನ್ನು ಕೇಳಿದರೆ ಫೋನ್ ಒಡೆದು ಹಾಕು ಅಂತಾರೆ ಅಷ್ಟೇ.

ತೊಗರಿಬೇಳೆ:
ನಮ್ಮಪ್ಪ ಆಗಿದ್ದರೆ ಬೆನ್ನಿಗೆ ಎರಡು ಬಾರಿಸಿ ಹೊಲಕ್ಕೆ ಅಟ್ಟುತ್ತಿದ್ದ. ಅಷ್ಟೇ ನನ್ನ ಸಲಹೆ.

ಶಹಾಪುರ ಮೇಷ್ಟ್ರು:
ಅಮ್ಮಾ, ಮಾತು ಆಮೇಲೆ. ಈಗಲೇ ಎದ್ದು ಜಿಮೇಲ್ ಪಾಸ್‌ವರ್ಡ್ ಬದಲಾಯಿಸಿ, ಕಾರ್ಡ್ ತೆಗೆಯಿರಿ. ಗೇಮ್ ಐಡಿ ಮಾರುವುದು ಅಂದರೆ ಅದು ಯಾವ ಜಿಮೇಲಿಗೆ ಕಟ್ಟಿದೆಯೋ ಆ ಜಿಮೇಲನ್ನೇ ಕೊಡುವುದು. ಹುಡುಗರಿಗೆ ಇದು ತಲೆಗೆ ಹೋಗಲ್ಲ, ಗೇಮಿನ ಬಂದೂಕಿನ ಸ್ಕಿನ್ (ಅದರ ಮೇಲಿನ ಬಣ್ಣದ ವೇಷ) ಮಾರುತ್ತಿದ್ದೇವೆ ಅಂದುಕೊಳ್ಳುತ್ತಾರೆ, ಆ ಕಡೆ ಕೂತವನಿಗೆ ಮನೆಯ ಬೀಗದ ಕೈ ಸಿಕ್ಕಿರುತ್ತದೆ. ಹೇಗೂ ಅವನ ಸಿಮ್ ನಿಮ್ಮ ಹೆಸರಲ್ಲೇ ಇರುತ್ತದೆ ಅಲ್ವಾ, 18 ಆಗದೆ ಸಿಮ್ ಕೊಡಲ್ಲ. ಆ ನಂಬರಿನಿಂದ ಏನಾದರೂ ಎಡವಟ್ಟಾದರೆ ಮೊದಲು ಹುಡುಕಿಕೊಂಡು ಬರುವುದು ನಿಮ್ಮನ್ನೇ. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಇನ್ನು ಆ ಕಳ್ಳಗಿಂಡಿ. ವಾಟ್ಸಾಪಿನಲ್ಲಿ ಜೋಡಿಸಿದ ಸಾಧನಗಳ ಪಟ್ಟಿ ಇರುತ್ತದೆ, ಕೊನೆಯ ಸಲ ಎಷ್ಟು ಹೊತ್ತಿಗೆ ಬಳಸಿದ್ದು ಅಂತಲೂ ತೋರಿಸುತ್ತದೆ. ಅವನು ಒಂದು ದಿನ ಅಲ್ಲಿ ಕೈ ಇಟ್ಟರೆ ಮುಗೀತು. ಅವನೇ ಕಂಡುಹಿಡಿಯುವುದಕ್ಕೆ ಮೊದಲು ನೀವೇ ಹೇಳಿ.

ಕಣ್ಣಿಡಲೇಬೇಕು ಅಂದರೆ ಅವನಿಗೆ ಗೊತ್ತಿರುವ ಹಾಗೇ ಇಡಿ. ಗೂಗಲ್ ಫ್ಯಾಮಿಲಿ ಲಿಂಕ್ ಇದೆ. ಯಾವ ಆ್ಯಪ್ ಎಷ್ಟು ಹೊತ್ತು ಬಳಸಿದ ಅಂತ ತೋರಿಸುತ್ತದೆ, ರಾತ್ರಿ ಫೋನ್ ಲಾಕ್ ಮಾಡುತ್ತದೆ. ಮೆಸೇಜ್ ಓದಲು ಬಿಡುವುದಿಲ್ಲ, ನನ್ನ ಕೇಳಿದರೆ ಅದೇ ಸರಿ. ಇನ್‌ಸ್ಟಾಗ್ರಾಮಿನಲ್ಲೂ ಹಾಗೇ, ಅವನು ಒಪ್ಪಿ ನಿಮ್ಮನ್ನು ಜೋಡಿಸಿಕೊಂಡರೆ ಯಾರ ಜೊತೆ ಚಾಟ್ ಮಾಡಿದ ಅಂತ ಕಾಣುತ್ತದೆ, ಏನು ಬರೆದ ಅಂತ ಕಾಣಲ್ಲ. ಬಿಜಿಎಮ್‌ಐ (ಪಬ್‌ಜಿಯ ಭಾರತದ ಆವೃತ್ತಿ) ಆಡುತ್ತಿದ್ದರೆ 18ರ ಒಳಗಿನವರಿಗೆ ದಿನಕ್ಕೆ 3 ಗಂಟೆ ಅಂತ ಅದರಲ್ಲೇ ಮಿತಿ ಇದೆ. ಆದರೆ ನಮ್ಮ ಕ್ಲಾಸಿನ ಹುಡುಗರನ್ನು ಕೇಳಿದರೆ ಎಲ್ಲರೂ 1990ರಲ್ಲಿ ಹುಟ್ಟಿದವರೇ.

ಬೀದರ್ ಅಪ್ಪ:
ನಾನು ನಿಮಗಿಂತ ದೊಡ್ಡ ತಪ್ಪು ಮಾಡಿದವನು. ಮಗಳ ಫೋನಿಗೆ ದುಡ್ಡು ಕೊಟ್ಟು ಒಂದು ಗುಪ್ತ ಆ್ಯಪ್ ಹಾಕಿಸಿದ್ದೆ. ಮೆಸೇಜು, ಕಾಲು, ಎಲ್ಲಿದ್ದಾಳೆ ಎಲ್ಲ ನನಗೆ ಬರುತ್ತಿತ್ತು. ಮೊದಲ ವಾರ ನಿದ್ದೆ ಚೆನ್ನಾಗಿ ಬಂತು, ಸುಳ್ಳು ಹೇಳಲ್ಲ. ಬ್ಯಾಟರಿ ಯಾಕೆ ಇಷ್ಟು ಬೇಗ ಇಳಿಯುತ್ತದೆ ಅಂತ ಅವಳು ಗೆಳತಿಯ ಅಣ್ಣನಿಗೆ ತೋರಿಸಿದ್ದಾಳೆ, ಅವನು ಹೇಳಿದ್ದಾನೆ. ಅವಳು ನನಗೆ ಒಂದು ಮಾತೂ ಅನ್ನಲಿಲ್ಲ. ಯಾರದೋ ಹಳೇ ಫೋನ್ ತಂದು ಬ್ಯಾಗಿನಲ್ಲಿ ಇಟ್ಟುಕೊಂಡಳು. 8 ತಿಂಗಳು ನಾನು ನೋಡುತ್ತಿದ್ದದ್ದು ನನಗೋಸ್ಕರವೇ ಇಟ್ಟಿದ್ದ ಫೋನು ರೀ! ನೋಟ್ಸ್ ಕಳಿಸು, ಊಟ ಆಯ್ತಾ, ಅಷ್ಟೇ ಇರುತ್ತಿತ್ತು, ಎಂಥ ಒಳ್ಳೆ ಮಗಳು ಅಂತ ನಾನು ಹಿಗ್ಗುತ್ತಿದ್ದೆ.

ಇನ್ನೊಂದು ಆಮೇಲೆ ಹೊಳೆಯಿತು. ಅವಳ ಫೋಟೋ, ಮೆಸೇಜ್ ಎಲ್ಲ ನನಗೆ ಬರುವ ಮೊದಲು ಆ ಆ್ಯಪಿನವರ ಕಂಪ್ಯೂಟರಿಗೆ ಹೋಗುತ್ತಿದ್ದವು. ಅವರು ಯಾರು, ಎಲ್ಲಿಯವರು, ದೇವರೇ ಬಲ್ಲ. ಪರರಿಂದ ಕಾಯ್ತೀನಿ ಅಂತ ಹೋಗಿ ಪರರ ಕೈಗೇ ಕೊಟ್ಟಿದ್ದೆ.

ಹಾಸ್ಟೆಲ್ ರೂಮ್ ನಂ. 9:
ನಾನು ಯಾದಗಿರಿಯಲ್ಲಿ ಪಿಯುಸಿ ಓದುತ್ತಿರುವವಳು, ದೊಡ್ಡವರ ನಡುವೆ ಬಾಯಿ ಹಾಕ್ತಿದ್ದೀನಿ. ಆಂಟಿ, ಹೇಳುವಾಗ 'ನಿನ್ನ ಒಳ್ಳೇದಕ್ಕೆ ನೋಡಿದೆ' ಅಂತ ಶುರು ಮಾಡಬೇಡಿ. ಅದು ಕಿವಿಗೆ ಬಿದ್ದ ಕೂಡಲೇ ಉಳಿದದ್ದು ಕೇಳಿಸಲ್ಲ. ಓದಿದೆ, ತಪ್ಪಾಯ್ತು ಅನ್ನಿ, ಆಮೇಲೆ ಒಟಿಪಿ ವಿಷಯಕ್ಕೆ ಬನ್ನಿ. ಆ ಹುಡುಗಿ ಹೆಸರು ಮಾತ್ರ ಎತ್ತಲೇಬೇಡಿ, ಪ್ಲೀಸ್. ಅದನ್ನ ಎತ್ತಿದರೆ ಅವನು ನಿಮ್ಮ ಹತ್ತಿರ ಮುಂದಿನ ಹತ್ತು ವರ್ಷ ಏನೂ ಹೇಳಲ್ಲ. ನಮ್ಮಮ್ಮ ಎತ್ತಿದ್ದರು, ಅದಕ್ಕೇ ಹೇಳ್ತಿದ್ದೀನಿ.

ಜೇವರ್ಗಿ ರೋಡ್ ಅಮ್ಮ:
ಎಲ್ಲರಿಗೂ ಉತ್ತರ ಬರೆಯಲು ಆಗಲಿಲ್ಲ, ಕ್ಷಮಿಸಿ. ಮೇಷ್ಟ್ರೇ, ನೀವು ಹೇಳಿದ ಕೂಡಲೇ ಪಾಸ್‌ವರ್ಡ್ ಬದಲಾಯಿಸಿದೆ. ಹಾಗೆ ಮಾಡಿದರೆ ಅವನ ಫೋನಿನಲ್ಲೂ ಲಾಗೌಟ್ ಆಗುತ್ತದೆ ಅಂತ ನನಗೆ ಹೊಳೆದೇ ಇರಲಿಲ್ಲ. ಊಟಕ್ಕೆ ಕೂತಿದ್ದ, ರೊಟ್ಟಿ ಬಡಿಯುತ್ತಿದ್ದೆ, 'ಅಮ್ಮಾ ಪಾಸ್‌ವರ್ಡ್ ಕೇಳ್ತಿದೆ' ಅಂದ. ಮಾತು ತಾನಾಗಿಯೇ ಬಂತು. ರೂಮ್ ನಂ. 9 ಹೇಳಿದ ಹಾಗೆ, ಓದಿದೆ ಕಣೋ, ತಪ್ಪಾಯ್ತು ಅಂದೆ.

ತಲೆ ಎತ್ತಲಿಲ್ಲ. 'ಗೊತ್ತು' ಅಂದ. ಸೋಮವಾರವೇ ಆ ಪಟ್ಟಿಯಲ್ಲಿ ನನ್ನ ಲ್ಯಾಪ್‌ಟಾಪ್ ನೋಡಿದ್ದನಂತೆ. ಮತ್ತೆ ಯಾಕೋ ತೆಗೆಯಲಿಲ್ಲ ಅಂದರೆ, 'ತೆಗೆದ್ರೆ ನಿನಗೆ ಗೊತ್ತಾಗ್ತಿತ್ತಲ್ಲ' ಅಂತಾನೆ. ಗೆಳೆಯರ ಜೊತೆಗಿನ ಮಾತೆಲ್ಲ ಇನ್‌ಸ್ಟಾಗ್ರಾಮಿಗೆ ಸಾಗಿಸಿದ್ದ. ಬೀದರ್ ಅಣ್ಣಾ, ನಿಮ್ಮ ನೆನಪಾಯಿತು.

ಒಟಿಪಿ ಕೊಟ್ಟಿರಲಿಲ್ಲ. ನನ್ನ ಮಗ ಜಾಣ ಅಂದುಕೊಳ್ಳಬೇಡಿ, 6 ಸಾವಿರ ಕೇಳಿ ಕೂತಿದ್ದ, ಆ ಕಡೆಯವನು 4ರ ಮೇಲೆ ಏರಲಿಲ್ಲ. ಆ ಜಿಮೇಲಿನಲ್ಲಿ ಏನೇನಿದೆ ಅಂತ ಒಂದೊಂದೇ ತೆಗೆದು ತೋರಿಸಿದೆ. ಅಜ್ಜಿಯ ಆಸ್ಪತ್ರೆ ಚೀಟಿ ಬಂದಾಗ ಮುಖ ಸಣ್ಣದಾಯಿತು. ಲ್ಯಾಪ್‌ಟಾಪಿನಿಂದ ಅವನೇ ಲಾಗೌಟ್ ಮಾಡಿದ. ಫೋನಿನ ಪ್ಯಾಟರ್ನೂ ಬದಲಾಗಿದೆ, ನಾನು ಕೇಳಿಲ್ಲ.

ಯಜಮಾನರಿಗೆ ಇನ್ನೂ ಹೇಳಿಲ್ಲ.