ಪ್ರತಿ ತಿಂಗಳು ತಪ್ಪದೆ ಕಟ್ಟಿದರೂ ಕಾರ್ಡಿನ ಸಾಲ ಕರಗುತ್ತಿಲ್ಲ: ಬಳೆ ಅಡವಿಡಬಹುದೇ?

ತುಮಕೂರಿಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ತುಮಕೂರಿನ ಕಾರ್ಖಾನೆಯೊಂದರಲ್ಲಿ ನನಗೆ ಕೆಲಸ. ಕೈಗೆ ಬರುವ ಸಂಬಳ 36,000 ರೂಪಾಯಿ. ಅದರಲ್ಲಿ ಮನೆ ಬಾಡಿಗೆಗೆ 9,000, ಬೈಕಿನ ಕಂತಿಗೆ 3,350 ಹೋಗುತ್ತದೆ. ಬೈಕಿನ ಸಾಲಕ್ಕೆ ಇನ್ನು ಎರಡೇ ಕಂತು ಉಳಿದಿವೆ. ಎರಡು ವರ್ಷಗಳ ಹಿಂದೆ ಫ್ರಿಜ್ ಕೊಳ್ಳಲೆಂದು ಮೊದಲ ಬಾರಿ ಬಳಸಿದ ಕ್ರೆಡಿಟ್ ಕಾರ್ಡಿನಲ್ಲಿ, ಮಗಳ ಶಾಲಾ ಶುಲ್ಕ, ಹಬ್ಬದ ಬಟ್ಟೆ, ಪೆಟ್ರೋಲು ಎಲ್ಲವೂ ಸೇರಿ ಈಗ 84,000 ಬಾಕಿ ನಿಂತಿದೆ. ಕನಿಷ್ಠ ಮೊತ್ತವಾದ 4,200 ರೂಪಾಯಿಯನ್ನು ಪ್ರತಿ ತಿಂಗಳು ತಪ್ಪದೆ ಕಟ್ಟುತ್ತಿದ್ದರೂ ಬಾಕಿ ಅಲುಗಾಡುತ್ತಿಲ್ಲ. ವೈಶಾಖದಲ್ಲಿ ತಂಗಿಯ ಮದುವೆಯಿದ್ದು, ನನ್ನ ಪಾಲಿಗೆ ಒಂದೂವರೆ ಲಕ್ಷದ ಖರ್ಚು ಬಂದಿದೆ. ಹೆಂಡತಿಯ ಎರಡು ಬಳೆ ಅಡವಿಟ್ಟು ಕಾರ್ಡಿನ ಸಾಲ ತೀರಿಸಿ, ಮದುವೆಗೆ ಬೇರೆ ಸಾಲ ತೆಗೆಯುವುದು ಸರಿಯೇ? ತಿಳಿದವರು ದಯವಿಟ್ಟು ಹೇಳಿ.

ನಿವೃತ್ತ ಬ್ಯಾಂಕ್ ನೌಕರ

ಮೊದಲು ಬಾಕಿ ಏಕೆ ಅಲುಗಾಡುತ್ತಿಲ್ಲ ಎಂಬುದನ್ನು ನೋಡೋಣ. ನಿಮ್ಮ ಕಾರ್ಡಿನ ಬಡ್ಡಿ ತಿಂಗಳಿಗೆ ಶೇ. 3.5 ಎಂದಿಟ್ಟುಕೊಳ್ಳಿ, ಹೆಚ್ಚಿನ ಕಾರ್ಡುಗಳ ದರ ಇದರ ಆಸುಪಾಸಿನಲ್ಲೇ ಇರುತ್ತದೆ. 84,000ಕ್ಕೆ ಬಡ್ಡಿ 2,940, ಆ ಬಡ್ಡಿಯ ಮೇಲೆ ಶೇ. 18ರ ಜಿಎಸ್‌ಟಿ 529. ನೀವು ಕಟ್ಟುವ 4,200ರಲ್ಲಿ ಅಸಲಿಗೆ ಜಮೆಯಾಗುವುದು 731 ರೂಪಾಯಿ ಮಾತ್ರ. ಆ ತಿಂಗಳಲ್ಲಿ ಎರಡು ಸಲ ಪೆಟ್ರೋಲು ಹಾಕಿಸಿ ಕಾರ್ಡು ಕೊಟ್ಟರೆ ಅದೂ ಹೋಯಿತು. ಹಿಂದಿನ ಬಾಕಿಯನ್ನು ಪೂರ್ತಿ ಕಟ್ಟದವರಿಗೆ ಹೊಸ ಖರೀದಿಯ ಮೇಲೆ ಬಡ್ಡಿರಹಿತ ದಿನಗಳೂ ಸಿಗುವುದಿಲ್ಲ. ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ.

ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ ಇದು ತೆರಿಗೆ ಸೇರಿ ನೂರಕ್ಕೆ ನಾಲ್ಕು ರೂಪಾಯಿ ದಾಟಿದ ಬಡ್ಡಿ. ಊರಿನ ಸಾಹುಕಾರ ಇದೇ ದರ ಹೇಳಿದ್ದರೆ ನೀವು ಅವನ ಜಗಲಿ ಹತ್ತುತ್ತಿರಲಿಲ್ಲ.

ಆದ್ದರಿಂದ ಬಳೆ ಅಡವಿಡುವುದು ಲೆಕ್ಕದ ಪ್ರಕಾರ ಸರಿ. ವರ್ಷಕ್ಕೆ ಶೇ. 10ರ ದರದಲ್ಲಿ ಬ್ಯಾಂಕಿನಲ್ಲಿ ಚಿನ್ನದ ಸಾಲ ಸಿಕ್ಕಿದರೆ ಮೊದಲ ತಿಂಗಳ ಬಡ್ಡಿ 700 ರೂಪಾಯಿಯಷ್ಟೇ. ತಿಂಗಳಿಗೆ 7,400ರಂತೆ ಕಟ್ಟಿದರೆ ಒಂದು ವರ್ಷಕ್ಕೆ ಸಾಲ ತೀರುತ್ತದೆ. ಈಗ ಕಾರ್ಡಿಗೆ ಕಟ್ಟುತ್ತಿರುವ 4,200ಕ್ಕೆ, ಎರಡು ತಿಂಗಳ ನಂತರ ಉಳಿಯುವ ಬೈಕಿನ 3,350 ಸೇರಿಸಿ ನೋಡಿ: 7,550 ಆಗುತ್ತದೆ. ಆ ಎರಡು ತಿಂಗಳು ಕಳೆದ ಮೇಲೆ ಕೈಯಿಂದ ಹೊಸದಾಗಿ ಒಂದು ರೂಪಾಯಿಯನ್ನೂ ಹಾಕಬೇಕಾಗಿಲ್ಲ.

ಅಡುಗೆಮನೆ ಲೆಕ್ಕಿಗಳು

ಲೆಕ್ಕವನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಬಳೆ ಯಾರದು ಎಂಬುದನ್ನು ಹಿರಿಯರು ಕೇಳಲಿಲ್ಲ. ತವರಿನವರು ಕೊಟ್ಟದ್ದಾದರೆ ಮೊದಲು ನಿಮ್ಮ ಮನೆಯವರೊಡನೆ ಕುಳಿತು ಕಾರ್ಡಿನ ಸ್ಟೇಟ್‌ಮೆಂಟನ್ನು ಸಾಲುಸಾಲಾಗಿ ಓದಿ, ಆಮೇಲೆ ಬಳೆಯ ಮಾತೆತ್ತಿ. ನಮ್ಮ ಮನೆಯಲ್ಲಿ ಹೀಗೆಯೇ ಒಂದು ಸರ ಬ್ಯಾಂಕಿಗೆ ಹೋಯಿತು. ಆ ಸಾಲವನ್ನು ತಿಂಗಳ ಕಂತಿನಲ್ಲಿ ಅಲ್ಲ, ವರ್ಷದ ಕೊನೆಗೆ ಒಟ್ಟಿಗೆ ತೀರಿಸಬೇಕಿತ್ತು. ವರ್ಷ ತುಂಬಿದಾಗ ಕೈಯಲ್ಲಿದ್ದದ್ದು ಬಡ್ಡಿಯ ಹಣವಷ್ಟೇ; ಅದನ್ನು ಕಟ್ಟಿ ನವೀಕರಿಸಿದೆವು, ಮರುವರ್ಷವೂ ಹಾಗೆಯೇ. ಸರ ಮನೆಗೆ ಬಂದದ್ದು ಐದನೆಯ ವರ್ಷ. ನಡುವೆ ಅಸಲು ಕಟ್ಟಿದರೆ ತೆಗೆದುಕೊಳ್ಳುತ್ತೀರಾ ಎಂದು ಬ್ಯಾಂಕಿನಲ್ಲಿ ಮೊದಲೇ ಕೇಳಿ, ಸಂಬಳ ಬಂದ ಮರುದಿನವೇ ಕಟ್ಟಿಬಿಡಿ.

ಇನ್ನೊಂದು ಮಾತು. ಕಾರ್ಡನ್ನು ತೀರಿಸಿ ಪರ್ಸಿನಲ್ಲೇ ಇಟ್ಟುಕೊಂಡರೆ ಆರು ತಿಂಗಳಲ್ಲಿ ಎರಡು ಸಾಲ ನಿಲ್ಲುತ್ತವೆ. ದಿನಸಿಗೆ ನಾನು ತಿಂಗಳ ಮೊದಲ ದಿನ ನಗದು ತೆಗೆದು ಸಾಸಿವೆ ಡಬ್ಬಿಯ ಹಿಂದಿನ ಡಬ್ಬಿಯಲ್ಲಿ ಇಡುತ್ತೇನೆ. ಇಪ್ಪತ್ತೈದನೆಯ ತಾರೀಕಿಗೆ ಡಬ್ಬಿಯ ತಳ ಕಂಡರೆ ಆ ವಾರ ಹುರುಳಿಕಾಳಿನ ಸಾರು. ಫೋನಿನಲ್ಲಿ ಕೊಟ್ಟ ಹಣಕ್ಕೆ ತಳ ಕಾಣುವುದಿಲ್ಲ.

ಛತ್ರದ ಅನುಭವಸ್ಥ

ಬಳೆಯ ವಿಷಯವನ್ನು ಮೇಲಿನವರು ಹೇಳಿದ್ದಾರೆ. ನನಗೆ ಆತಂಕವಿರುವುದು ಮದುವೆಯ ಸಾಲದ ಬಗ್ಗೆ. ಒಂದು ಸಾಲ ಮುಗಿಯುವ ಮೊದಲೇ ಒಂದೂವರೆ ಲಕ್ಷದ ಇನ್ನೊಂದು ಸಾಲವನ್ನು 36,000 ಸಂಬಳ ತಡೆಯದು. ‘ಮುಯ್ಯಿ ಬರುತ್ತದೆ, ಅದರಲ್ಲಿ ತೀರಿಸಿದರಾಯಿತು’ ಎಂದು ಬಂಧುಗಳು ಖಂಡಿತ ಹೇಳುತ್ತಾರೆ. ನಮ್ಮ ಅಣ್ಣನ ಮದುವೆಯಲ್ಲಿ ಬಂದ ಮುಯ್ಯಿ ಛತ್ರದ ಉಳಿದ ಬಾಡಿಗೆಗೂ ಅಡುಗೆ ಭಟ್ಟರಿಗೂ ಸರಿಹೋಯಿತು. ಅಲ್ಲದೆ ಮುಯ್ಯಿಯೂ ಸಾಲವೇ ಅಲ್ಲವೇ? ಯಾರು ಎಷ್ಟು ಬರೆಸಿದರೆಂಬ ಪುಸ್ತಕ ಇಂದಿಗೂ ಅಮ್ಮನ ಟ್ರಂಕಿನಲ್ಲಿದೆ, ಒಂದೊಂದು ಮದುವೆಗೂ ಅದನ್ನು ತೆರೆದು ನೋಡಿಯೇ ನಾವು ಹೊರಡುವುದು. ಒಂದೂವರೆ ಲಕ್ಷ ನಿಮ್ಮಿಂದ ಆಗದೆಂಬುದನ್ನು ಲಗ್ನಪತ್ರಿಕೆ ಅಚ್ಚಾಗುವ ಮೊದಲೇ ತಂದೆಯವರಿಗೆ ತಿಳಿಸಿ. ಅಚ್ಚಾದ ಮೇಲೆ ಖರ್ಚು ಇಳಿಸಲು ಯಾರೂ ಒಪ್ಪುವುದಿಲ್ಲ.

ತುಮಕೂರಿಗ

ಮೂವರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಇಬ್ಬರೂ ಕುಳಿತು ಸ್ಟೇಟ್‌ಮೆಂಟು ಓದಿದೆವು. ಹೆಂಡತಿಗೆ ಬಾಕಿಯಿರುವುದು ಗೊತ್ತಿತ್ತು, ಇಷ್ಟೆಂದು ಗೊತ್ತಿರಲಿಲ್ಲ. ಬಳೆಯ ಬಗ್ಗೆ ಯೋಚಿಸಲು ಅವಳು ಎರಡು ದಿನ ಕೇಳಿದ್ದಾಳೆ. ಕಾರ್ಡು ಸದ್ಯಕ್ಕೆ ಅವಳ ಬೀರುವಿನಲ್ಲಿದೆ. ಭಾನುವಾರ ಊರಿಗೆ ಹೋಗಿ ಅಪ್ಪನೊಡನೆ ಮಾತನಾಡುತ್ತೇನೆ. ಪತ್ರಿಕೆ ಇನ್ನೂ ಅಚ್ಚಿಗೆ ಹೋಗಿಲ್ಲ.