ಜೈಲಿನಲ್ಲಿರುವ ತಮ್ಮನಿಗೆ ತೀರ್ಪಿನ ಪ್ರತಿ ಬೇಕು, ನೀವು ಹೇಗೆ ಪಡೆದಿರಿ?

ತಮ್ಮನಿಗೆ ಗದಗದ ಸೆಷನ್ಸ್ ಕೋರ್ಟಿನಲ್ಲಿ ಏಳು ವರ್ಷ ಶಿಕ್ಷೆಯಾಗಿ 20 ದಿನ ಆಯ್ತು. ಹಿಂಡಲಗಾ ಜೈಲಿನಲ್ಲಿದ್ದಾನೆ. ತೀರ್ಪಿನ ಪ್ರತಿ ಅವನ ಹತ್ತಿರವೂ ಇಲ್ಲ, ನಮ್ಮ ಹತ್ತಿರವೂ ಇಲ್ಲ. ತರಿಸಿಕೊಡಲು ವಕೀಲರು ದುಡ್ಡು ಕೇಳುತ್ತಿದ್ದಾರೆ. ಇದನ್ನು ಅನುಭವಿಸಿದವರು ದಯವಿಟ್ಟು ಹೇಳಿ.

ಉತ್ತರ 1

ಅಕ್ಕಾ, ಅದಕ್ಕೆ ದುಡ್ಡು ಕೊಡಬೇಡಿ. ಜೈಲು ಶಿಕ್ಷೆಯಾದವರಿಗೆ ತೀರ್ಪು ಹೇಳಿದ ಕೂಡಲೇ ಒಂದು ಪ್ರತಿ ಪುಕ್ಕಟೆ ಕೊಡಲೇಬೇಕು. ಕ್ರಿಮಿನಲ್ ಕೇಸು ನಡೆಸುವ ಕಾನೂನಿನಲ್ಲೇ ಇದಕ್ಕೆ ಕಲಂ ಇದೆ: ಹಿಂದೆ ಸಿಆರ್‌ಪಿಸಿ 363, ಈಗ ಅದರ ಬದಲು ಬಂದ ಬಿಎನ್‌ಎಸ್‌ಎಸ್ 404.

ನಮ್ಮ ಭಾವನಿಗೂ ಕೊಟ್ಟಿದ್ದರು. ಕೈ ನಡುಗುತ್ತಿತ್ತು, ಹೇಗೋ ಸಹಿ ಹಾಕಿದರು. ಆ ಕಾಗದವನ್ನು ಹಾಗೇ ವಕೀಲರ ಕೈಗಿಟ್ಟು ವ್ಯಾನ್ ಹತ್ತಿದರು. ಆಮೇಲೆ ವಕೀಲರು ಫೋನೇ ಎತ್ತಲಿಲ್ಲ. ಪ್ರತಿ ಭಾವನ ಹತ್ತಿರ ಇದೆ ಅಂತ ನಾವು, ನಮ್ಮ ಹತ್ತಿರ ಇದೆ ಅಂತ ಭಾವ. 40 ದಿನ ಹೀಗೇ ಕಳೆಯಿತು. ಹೈಕೋರ್ಟಿಗೆ ಮೇಲ್ಮನವಿ ಹಾಕಲು ಇರುವುದೇ 60 ದಿನ! ಅದಕ್ಕೇ ತಮ್ಮನನ್ನು ಮೊದಲು ಕೇಳಿ: ಸಹಿ ಹಾಕಿದ್ದೀಯಾ, ಕಾಗದ ಯಾರಿಗೆ ಕೊಟ್ಟೆ?

ಸಿಗದಿದ್ದರೆ ದೃಢೀಕೃತ ನಕಲಿಗೆ, ಅಂದರೆ ಕೋರ್ಟೇ ಮೊಹರು ಹಾಕಿ ಕೊಡುವ ಪ್ರತಿಗೆ, ಜೈಲಿನಿಂದಲೇ ಅರ್ಜಿ ಬರೆಸಿ. ಸೂಪರಿಂಟೆಂಡೆಂಟ್ ಮೂಲಕ ಕೋರ್ಟಿಗೆ ಹೋಗಲಿ. ಮೇಲ್ಮನವಿಗೆ ಅವಕಾಶ ಇರುವ ಕೇಸಿಗೆ ಇದೂ ಪುಕ್ಕಟೆಯೇ. 1978ರಲ್ಲಿ ಹೊಸ್ಕೋಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಜೈಲಿಗೆ ಬಂದ ಪ್ರತಿಯನ್ನು ಕೈದಿಗೆ ತಲುಪಿಸಿ, ತಲುಪಿದ್ದಕ್ಕೆ ಸಹಿ ಪಡೆಯಬೇಕು ಅಂತ. ಆ ಸಹಿಯನ್ನು ಕಾಗದ ಕೈಗೆ ಬಂದ ಮೇಲೇ ಹಾಕಲು ಹೇಳಿ.

ನಕಲು ಬಂದಾಗ ಪುಟ ಎಣಿಸಿ. ನಮ್ಮದರಲ್ಲಿ 31ನೇ ಪುಟವೇ ಇರಲಿಲ್ಲ. ಮುಖ್ಯ ಸಾಕ್ಷಿಯ ಮಾತನ್ನು ಜಡ್ಜ್ ಯಾಕೆ ನಂಬಿದರು ಅನ್ನೋದು ಇದ್ದದ್ದು ಅದೇ ಪುಟದಲ್ಲಿ. ಇನ್ನೊಂದು, ಕೊನೆಯ ಪುಟದ ಮೊಹರು ನೋಡಿ. ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ ಅಲ್ಲಿರುತ್ತೆ. ನಕಲಿಗಾಗಿ ಕಾದ ಆ ದಿನಗಳು 60ರ ಲೆಕ್ಕಕ್ಕೆ ಬರುವುದಿಲ್ಲ. ಹಾಗಂತ ಅರ್ಜಿ ಕೊಡೋದನ್ನು ಮುಂದೂಡಬೇಡಿ. ನಮಗೆ ಗಡುವು ದಾಟಿ, ವಿಳಂಬ ಮನ್ನಿಸಿ ಅಂತ ಬೇರೆ ಅರ್ಜಿ ಹಾಕಬೇಕಾಯ್ತು. ಆ ದಿನಗಳಲ್ಲಿ ನನ್ನ ಅಕ್ಕ ಸರಿಯಾಗಿ ಊಟ ಮಾಡಲಿಲ್ಲ.

ಉತ್ತರ 2

ಮೇಲಿನವರು ಹೇಳಿದ್ದು ಸರಿ. ಜೊತೆಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲಾ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಜೈಲಿನಲ್ಲಿರುವವರಿಗೆ ವಕೀಲರು ಪುಕ್ಕಟೆ ಸಿಗುತ್ತಾರೆ. ಆದಾಯ ಎಷ್ಟು ಅಂತ ನೋಡುವುದಿಲ್ಲ. ಮೇಲ್ಮನವಿಯನ್ನು ಜೈಲಿನ ಮೂಲಕವೇ ಕಳಿಸಲೂಬಹುದು, ಅದಕ್ಕೂ ಕಾನೂನಿನಲ್ಲಿ ದಾರಿ ಇದೆ.

ಸಾಕ್ಷಿಗಳ ಹೇಳಿಕೆ, ದಾಖಲೆಗಳ ನಕಲಿಗೆ ಮಾತ್ರ ಸಾಮಾನ್ಯವಾಗಿ ಶುಲ್ಕ ಇರುತ್ತೆ. ವಿಶೇಷ ಕಾರಣ ಇದ್ದರೆ ಕೋರ್ಟ್ ಅದನ್ನೂ ಪುಕ್ಕಟೆ ಕೊಡಬಹುದು. ಅರ್ಜಿಯಲ್ಲಿ ಮನೆಯ ಕಷ್ಟ ಬರೆಯಿರಿ, ನಾಚಿಕೆ ಬೇಡ.

ಕೋರ್ಟುಗಳ ವೆಬ್‌ಸೈಟ್ ಇ-ಕೋರ್ಟ್ಸ್‌ನಲ್ಲಿ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಕೊಡುವ ಗುರುತಿನ ಸಂಖ್ಯೆ) ಹಾಕಿ ತೀರ್ಪು ಬಂದಿದೆಯಾ ನೋಡಿ. ಆ ಪ್ರಿಂಟ್ ದೃಢೀಕೃತ ನಕಲಲ್ಲ, ಆದರೆ ತಮ್ಮನಿಗೆ ಓದಲು ಸಾಕು. ನಮ್ಮಪ್ಪನೂ ಜೈಲಿನಲ್ಲಿದ್ದರು, ಅವರಿಗೆ ಓದಲು ಬರಲ್ಲ. ಪಕ್ಕದ ಬ್ಯಾರಕ್ಕಿನ ಹುಡುಗ ಮೂರು ಸಂಜೆ ಕೂತು ಓದಿ ಹೇಳಿದ. ತನಗೆ ಯಾಕೆ ಶಿಕ್ಷೆಯಾಯ್ತು ಅಂತ ಅಪ್ಪನಿಗೆ ಗೊತ್ತಾಗಿದ್ದೇ ಆಗ.

ಕೇಳಿದವರು

ನಿಮ್ಮಿಬ್ಬರಿಗೂ ತುಂಬಾ ಥ್ಯಾಂಕ್ಸ್. ಗುರುವಾರ ಭೇಟಿಗೆ ಹೋಗುತ್ತೇನೆ. ಅರ್ಜಿ ಬರೆದುಕೊಂಡೇ ಹೋಗುತ್ತೇನೆ, ಅವನು ಸಹಿ ಹಾಕಿದರೆ ಸಾಕು.