ಸಿಡ್ನಿಯ ಶಾಲಾ ವಲಯ: ಮಕ್ಕಳೇ ಇಲ್ಲದ ದಿನವೂ 40ರಲ್ಲೇ ಹೋಗಬೇಕೇ?

ಪ್ರಶ್ನೆ: ಬೆಣ್ಣೆನಗರಿ

ಎಲ್ಲರಿಗೂ ನಮಸ್ಕಾರ. ಸಿಡ್ನಿಯ ಪಶ್ಚಿಮ ಬಡಾವಣೆಗಳಲ್ಲಿ ಕಾರು ಓಡಿಸುವವರು ದಯವಿಟ್ಟು ಉತ್ತರಿಸಿ. ದಾವಣಗೆರೆಯಲ್ಲಿ ಸ್ಕೂಟರ್ ಬಿಟ್ಟರೆ ಬೇರೇನನ್ನೂ ಓಡಿಸದ ನಾನು ಇಲ್ಲಿ ಕಾರು ಕಲಿತು, ಹೊಸ ಚಾಲಕರ ಗುರುತಾದ ಕೆಂಪು ಪಿ ಫಲಕ ಅಂಟಿಸಿಕೊಂಡು ಓಡಾಡುತ್ತಿದ್ದೇನೆ. ಟೂನ್‌ಗ್ಯಾಬಿಯ ನಮ್ಮ ಮನೆಯಿಂದ ಕೆಲಸಕ್ಕೆ ಹೋಗುವ ದಾರಿಯಲ್ಲಿ ಎರಡು ಶಾಲೆಗಳು ಸಿಗುತ್ತವೆ. ಒಂದು ಸರ್ಕಾರಿ, ಇನ್ನೊಂದು ಖಾಸಗಿ. ಎರಡರ ಮುಂದೆಯೂ ಗಂಟೆಗೆ 40 ಕಿ.ಮೀ. ಮಿತಿಯ ಫಲಕವಿದೆ. ಬೆಳಿಗ್ಗೆ 8ರಿಂದ 9:30, ಮಧ್ಯಾಹ್ನ 2:30ರಿಂದ 4, ಶಾಲಾ ದಿನಗಳಲ್ಲಿ ಎಂದು ಬರೆದಿದೆ.

ಮೊನ್ನೆ ಸೋಮವಾರ ಮಗಳ ಶಾಲೆಯಲ್ಲಿ ಶಿಕ್ಷಕರಿಗೆ ತರಬೇತಿ, ಮಕ್ಕಳಿಗೆ ರಜೆ. ಗೇಟಿನ ಬಳಿ ನರಪಿಳ್ಳೆಯೂ ಇರಲಿಲ್ಲ, ಆದರೆ ಫಲಕದ ಹಳದಿ ದೀಪ ಮಿನುಗುತ್ತಲೇ ಇತ್ತು. ನಾನು 40ರಲ್ಲೇ ಹೋದೆ. ಹಿಂದಿದ್ದವರು ಹಾರ್ನ್ ಹೊಡೆದು ಹೊಡೆದು ನನ್ನ ಕೈ ನಡುಗಿಸಿದರು. ಮನೆಯಲ್ಲಿ ಹೇಳಿದರೆ ಯಜಮಾನರು, "ಮಕ್ಕಳಿದ್ದರೆ ತಾನೇ ನಿಯಮ? ಖಾಲಿ ರಸ್ತೆಯಲ್ಲಿ ಯಾರಿಗಾಗಿ ನಿಧಾನ?" ಎಂದರು. ಹಾಗಾದರೆ ಶಾಲಾ ದಿನ ಎಂದರೆ ಯಾವ ದಿನ? ಖಾಸಗಿ ಶಾಲೆಯ ರಜೆಗಳೇ ಬೇರೆ ಇರುತ್ತವಲ್ಲ? ದೀಪ ಉರಿಯದಿದ್ದರೆ ಏನು ಮಾಡಬೇಕು? ಕೊನೆಯದಾಗಿ, 50ಕ್ಕೂ 40ಕ್ಕೂ ಅಷ್ಟೊಂದು ವ್ಯತ್ಯಾಸವಿದೆಯೇ? ಇದು ಯಜಮಾನರ ಪ್ರಶ್ನೆ, ನನ್ನ ಬಳಿ ಉತ್ತರವಿರಲಿಲ್ಲ.

ಉತ್ತರ: ಫಲಕ_ಹಿಡಿದವನು

ಅಮ್ಮ, ನಾನು ಇದೇ ಕಡೆಯ ಒಂದು ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವ ಕೆಲಸದಲ್ಲಿದ್ದೇನೆ. ದೊಡ್ಡ ಟೋಪಿ, ಉದ್ದ ಕೋಲು, ಕೋಲಿನ ತುದಿಯಲ್ಲಿ ದುಂಡಗಿನ ಸ್ಟಾಪ್ ಫಲಕ. ನೀವು ನೋಡಿಯೇ ಇರುತ್ತೀರಿ. ಊರಿನಲ್ಲಿ ಸರ್ಕಾರಿ ಬಸ್ಸಿನ ಚಾಲಕನಾಗಿದ್ದೆ, ಹಾಸನ ಸಕಲೇಶಪುರದ ಕಡೆ. ನಿವೃತ್ತಿಯಾಗಿ ಮಗನ ಮನೆಗೆ ಬಂದ ಮೇಲೆ ಈ ಕೆಲಸ ಹಿಡಿದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಕಾನೂನು. ನಮ್ಮ ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಮಕ್ಕಳು ಇದ್ದಾರೋ ಇಲ್ಲವೋ ಎಂಬ ಲೆಕ್ಕವೇ ಇಲ್ಲ. ಯಾವ್ಯಾವುದು ಶಾಲಾ ದಿನ ಎಂದು ಸರ್ಕಾರ ಅಧಿಕೃತವಾಗಿ ಪ್ರಕಟಿಸುತ್ತದೆ, ಆ ಪಟ್ಟಿಯಲ್ಲಿ ಶಿಕ್ಷಕರ ತರಬೇತಿಯ ದಿನಗಳೂ ಸೇರಿವೆ. ನೀವು ಸೋಮವಾರ ಮಾಡಿದ್ದೇ ಸರಿ. ಖಾಸಗಿ ಶಾಲೆ ಬೇಗ ರಜೆ ಕೊಟ್ಟು ಬೀಗ ಹಾಕಿದ್ದರೂ, ಸರ್ಕಾರದ ಪಟ್ಟಿಯಲ್ಲಿ ಅದು ಶಾಲಾ ದಿನವಾಗಿದ್ದರೆ ಅದರ ಮುಂದೆಯೂ 40. ಬೆರಳೆಣಿಕೆಯ ಶಾಲೆಗಳ ಮುಂದೆ ಬೇರೆ ಸಮಯ ಬರೆದಿರುತ್ತದೆ, ಹೊಸ ದಾರಿಯಾದರೆ ಫಲಕ ಓದಿ.

ದೀಪವನ್ನು ನಂಬಿಕೊಂಡು ಕೂರಬೇಡಿ. ಪ್ರತಿ ಶಾಲೆಗೂ ಕಡಿಮೆಯೆಂದರೆ ಒಂದು ಕಡೆ ದೀಪ ಹಾಕಿದ್ದಾರೆ, ಎಲ್ಲ ಫಲಕಕ್ಕೂ ಅಲ್ಲ. ಅಡ್ಡರಸ್ತೆಯಿಂದ ಬಂದರೆ ದೀಪವಿಲ್ಲದ ಫಲಕವೇ ಎದುರಾಗಬಹುದು. ದೀಪ ಕೆಟ್ಟಿದ್ದರೂ ಫಲಕದ ಮಾತೇ ಅಂತಿಮ. ರಸ್ತೆಯ ಮೇಲೆ ಬಿಳಿ ಬಣ್ಣದ ತ್ರಿಕೋನಗಳ ಸಾಲು ಕಂಡರೆ ವಲಯ ಶುರುವಾಯಿತು ಎಂದು ತಿಳಿಯಿರಿ. ಇಲ್ಲಿನವರು ಅದಕ್ಕೆ ಡ್ರ್ಯಾಗನ್ ಹಲ್ಲು ಎನ್ನುತ್ತಾರೆ.

ಕೆಂಪು ಪಿ ಎಂದಿರಿ, ಆದ್ದರಿಂದ ಇದೊಂದನ್ನು ಗಟ್ಟಿಯಾಗಿ ನೆನಪಿಡಿ. ಪೂರ್ಣ ಲೈಸೆನ್ಸ್ ಇದ್ದವರಿಗೆ ಮಿತಿಗಿಂತ 10ರೊಳಗೆ ಹೆಚ್ಚಾದರೆ ಬೇರೆಡೆ ಲೈಸೆನ್ಸಿನ ಮೇಲೆ 1 ದಂಡದ ಅಂಕ, ಶಾಲಾ ವಲಯದಲ್ಲಿ 2. ಕೆಂಪು ಪಿ ಇದ್ದವರಿಗೆ ಎಲ್ಲೇ ವೇಗ ಮೀರಿದರೂ ಕನಿಷ್ಠ 4 ಅಂಕ, ನಿಮಗಿರುವ ಮಿತಿಯೂ 4. ಒಂದೇ ಸಲಕ್ಕೆ ಲೈಸೆನ್ಸ್ ಅಮಾನತು, ಕನಿಷ್ಠ ಮೂರು ತಿಂಗಳು. ಹಿಂದಿನವನು ಹಾರ್ನ್ ಹೊಡೆಯಲಿ, ಅಂಕ ಬೀಳುವುದು ನಿಮಗೆ.

ಈಗ ಯಜಮಾನರ ಪ್ರಶ್ನೆ. ಬಸ್ಸು ಓಡಿಸಿದವನಿಗೆ ಬ್ರೇಕಿನ ಲೆಕ್ಕ ಕಾಲಿನಲ್ಲೇ ಇರುತ್ತದೆ, ಆದರೂ ಕಾಗದದ ಮೇಲೆ ಹಾಕಿ ತೋರಿಸುತ್ತೇನೆ. ಕಣ್ಣು ಕಂಡು, ತಲೆಗೆ ಹೊಳೆದು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡ್ ಎಂದಿಟ್ಟುಕೊಳ್ಳಿ. ಒಣ ರಸ್ತೆ, ಒಳ್ಳೆಯ ಟೈರು. 40ರ ಕಾರು ಅಷ್ಟು ಹೊತ್ತಿನಲ್ಲಿ ಸುಮಾರು 17 ಮೀಟರ್ ಹೋಗಿರುತ್ತದೆ, ಬ್ರೇಕ್ ಹಿಡಿದ ಮೇಲೆ ಇನ್ನೊಂದು 9 ಮೀಟರ್. 26ಕ್ಕೆ ನಿಂತಿತು. 50ರ ಕಾರು ಬ್ರೇಕ್ ಮುಟ್ಟುವ ಮೊದಲೇ 21 ಮೀಟರ್ ದಾಟಿರುತ್ತದೆ. ಮೊದಲ ಕಾರು ನಿಂತ ಜಾಗಕ್ಕೆ ಬಂದಾಗ ಅದರ ವೇಗ ಇನ್ನೂ 40ರ ಹತ್ತಿರವೇ ಇರುತ್ತದೆ. 60ರಲ್ಲಿ ಬಂದವನು ಆ ಜಾಗದಲ್ಲಿ ಆಗಷ್ಟೇ ಬ್ರೇಕ್ ಒತ್ತುತ್ತಿರುತ್ತಾನೆ. ಆ 26ನೇ ಮೀಟರಿನಲ್ಲಿ ಒಂದು ಮಗು ನಿಂತಿದೆ ಎಂದುಕೊಳ್ಳಿ.

ಎರಡು ಕಾರುಗಳ ನಡುವಿನಿಂದ ಬರುವ ಐದು ವರ್ಷದ ಮಗುವಿನ ತಲೆ ಕಾರಿನ ಛಾವಣಿಯ ಎತ್ತರಕ್ಕೂ ಬರುವುದಿಲ್ಲ. ನನಗೆ ಮೊದಲು ಕಾಣುವುದು ಶಾಲೆಯ ಟೋಪಿಯ ಅಂಚು, ಅದೂ ನಾನು ನಿಂತಿರುವುದರಿಂದ. ಕುಳಿತ ಚಾಲಕನಿಗೆ ಅಷ್ಟೂ ಕಾಣುವುದಿಲ್ಲ. ಶಾಲೆ 9ಕ್ಕೆ ಶುರುವಾದರೂ ಮಿತಿ 9:30ರವರೆಗೆ ಏಕೆ ಎಂದು ಕೇಳುವವರಿದ್ದಾರೆ. ಸರಿಯಾದ ಹೊತ್ತಿಗೆ ಬರುವ ಮಕ್ಕಳು ಅಮ್ಮನ ಕೈ ಹಿಡಿದು, ನನಗೆ ಗುಡ್ ಮಾರ್ನಿಂಗ್ ಹೇಳಿ ದಾಟುತ್ತವೆ. ಓಡಿ ಬರುವುದು ಗಂಟೆ ಬಾರಿಸಿದ ಮೇಲೆ ಬರುವ ಮಗು. ಅದು ನನ್ನನ್ನೂ ನೋಡುವುದಿಲ್ಲ, ನಿಮ್ಮ ಕಾರನ್ನೂ ನೋಡುವುದಿಲ್ಲ. ಅದರ ಕಣ್ಣೆಲ್ಲ ಗೇಟಿನ ಮೇಲೆ.

ಕೋಪ ಬರುವುದು ಯಾರ ಮೇಲೆ ಗೊತ್ತೇ? ದೂರದಿಂದ ಬಂದ ಲಾರಿಯವರ ಮೇಲಲ್ಲ, ಅವರು ಮರ್ಯಾದೆಯಾಗಿ ನಿಲ್ಲುತ್ತಾರೆ. ನಿಲ್ಲಿಸಬಾರದು ಎಂದು ಬರೆದಿರುವಲ್ಲೇ ಕಾರು ನಿಲ್ಲಿಸಿ, ರಸ್ತೆಯ ಕಡೆಯ ಬಾಗಿಲು ತೆರೆದು ಮಗುವನ್ನು ಇಳಿಸಿ, "ಒಂದೇ ನಿಮಿಷ ಅಂಕಲ್" ಎನ್ನುವ ಅಪ್ಪ ಅಮ್ಮಂದಿರ ಮೇಲೆ. ಅದರಲ್ಲಿ ಕನ್ನಡದವರೂ ಇದ್ದಾರೆ. ಅವರಿಗೆ ಕನ್ನಡದಲ್ಲೇ ಬುದ್ಧಿ ಹೇಳುತ್ತೇನೆ, ಆಗ ಸ್ವಲ್ಪ ನಾಚುತ್ತಾರೆ.

ಉತ್ತರ: ಅಡಿಲೇಡಿನ_ಅಮ್ಮ

ಬೆಣ್ಣೆನಗರಿಯವರೇ, ನಿಮ್ಮ ಯಜಮಾನರ ವಾದ ನಮ್ಮ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಅರ್ಧ ಗೆಲ್ಲುತ್ತದೆ. ನಮ್ಮ ಬಡಾವಣೆಯ ಶಾಲಾ ವಲಯದಲ್ಲಿ ಗಡಿಯಾರವಿಲ್ಲ. ರಸ್ತೆಯ ಮೇಲೆ ಬಿಳಿ ಅಂಕುಡೊಂಕು ಗೆರೆ, ಫಲಕದಲ್ಲಿ 25, ಮಕ್ಕಳಿದ್ದಾಗ ಎಂದು. ಭಾನುವಾರ ಸಂಜೆ ಒಂದೇ ಒಂದು ಮಗು ಪಾದಚಾರಿ ದಾರಿಯಲ್ಲಿ ಸೈಕಲ್ ಹೊಡೆಯುತ್ತಿದ್ದರೂ 25. ಮಗು ಇಲ್ಲದಿದ್ದರೆ ಮಾಮೂಲಿ ವೇಗ. ನನಗೆ ಇದೇ ಸರಿ ಎನಿಸುತ್ತದೆ. ಮಧ್ಯಾಹ್ನ 12ಕ್ಕೆ ಜ್ವರ ಬಂದ ಮಗುವನ್ನು ಕರೆದುಕೊಂಡು ಹೋಗುವಾಗ ನಿಮ್ಮ ಸಿಡ್ನಿಯ ಫಲಕ ಏನು ಹೇಳುತ್ತದೆ?

ಉತ್ತರ: ಫಲಕ_ಹಿಡಿದವನು

12ಕ್ಕೆ ನಮ್ಮ ಫಲಕ ಏನೂ ಹೇಳುವುದಿಲ್ಲ, ನಿಜ. 25 ಒಳ್ಳೆಯ ವೇಗ, ಆ ವೇಗದಲ್ಲಿ ನನ್ನ ಕೆಲಸ ಎಷ್ಟೋ ಹಗುರಾಗುತ್ತದೆ. ಆದರೆ ಮಗು ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಯಾರು ತಂಗಿ? ಚಾಲಕನೇ. ನಾನು ಹೇಳಿದ ಆ ಟೋಪಿಯ ಅಂಚು ಅವನಿಗೆ ಕಂಡಿರುವುದಿಲ್ಲ. ಗಂಟೆ ಬರೆದ ಫಲಕದ ಮುಂದೆ ಅವನು ಮಗುವನ್ನು ಹುಡುಕಬೇಕಿಲ್ಲ, ಗಡಿಯಾರ ನೋಡಿದರೆ ಸಾಕು. ನಿಮ್ಮ 25 ಮತ್ತು ನಮ್ಮ ಗಂಟೆ ಎರಡನ್ನೂ ಸೇರಿಸಿ ಕೊಟ್ಟರೆ ನಾನು ಬೇಡವೆನ್ನುವುದಿಲ್ಲ.

ಉತ್ತರ: ಪಾಠದ_ಮೇಷ್ಟ್ರು

ನಾನು ಕರ್ನಾಟಕದಲ್ಲೇ, ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿದ್ದೇನೆ. ನಿಮ್ಮ ಚರ್ಚೆ ಓದಿ ನಮ್ಮ ರಸ್ತೆಗೆ ಗಂಟೆ ಬರೆಯಲು ಕುಳಿತೆ. ಆಂಗ್ಲ ಮಾಧ್ಯಮ ಶಾಲೆ ಎಂಟೂವರೆಗೆ, ನಮ್ಮದು ಹತ್ತರ ಸುಮಾರಿಗೆ. ಅವರು ಬಿಡುವುದು ಮೂರೂವರೆಗೆ, ನಾವು ಬಿಡುವುದು ನಾಲ್ಕೂವರೆಯ ಹತ್ತಿರ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಅದಾದ ಮೇಲೂ ವಿಶೇಷ ತರಗತಿ. ಶನಿವಾರ ಬೆಳಗಿನ ಶಾಲೆ. ಇದನ್ನೆಲ್ಲ ಒಂದೇ ಫಲಕಕ್ಕೆ ತುಂಬಿಸಿದರೆ ಓದುವುದಕ್ಕೇ ಗಾಡಿ ನಿಲ್ಲಿಸಬೇಕು. ನಮ್ಮಲ್ಲಿ ದಿನವಿಡೀ ಒಂದೇ ಮಿತಿ ಇಡುವುದೇ ವಾಸಿ.

ಕಾನೂನಿಗೆ ಕೊರತೆಯಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 112ನೇ ಕಲಮಿನಡಿ ರಾಜ್ಯ ಸರ್ಕಾರ ನಿರ್ದಿಷ್ಟ ರಸ್ತೆಗೆ ಮಿತಿ ಇಳಿಸಿ ಫಲಕ ಹಾಕಿಸಬಹುದು. ಆದರೆ ನಮ್ಮ ಜನ ಫಲಕಕ್ಕಿಂತ ರಸ್ತೆ ಉಬ್ಬಿಗೆ ಹೆಚ್ಚು ಹೆದರುತ್ತಾರೆ. ಉಬ್ಬಿಗೆ ರಜೆಯೂ ಇಲ್ಲ, ಆಂಬುಲೆನ್ಸ್ ಯಾವುದು ಎಂಬ ಅರಿವೂ ಇಲ್ಲ. ನಮ್ಮ ಶಾಲೆಯ ಮುಂದಿನದಕ್ಕೆ ಬಳಿದ ಬಣ್ಣ ಅಳಿಸಿಹೋಗಿ, ಕತ್ತಲಲ್ಲಿ ಬೈಕಿನವರು ಬೀಳುತ್ತಿದ್ದಾರೆ. ಸದ್ಯಕ್ಕೆ ಶಾಲೆ ಬಿಡುವ ಹೊತ್ತಿಗೆ ದೈಹಿಕ ಶಿಕ್ಷಕರು ಸೀಟಿ ಹಿಡಿದು ರಸ್ತೆಗೆ ಇಳಿಯುತ್ತಾರೆ. ಅವರು ರಜೆ ಹಾಕಿದ ದಿನ ನಾನು. ರಾಯರೇ, ಆ ಸ್ಟಾಪ್ ಫಲಕದ ಅಳತೆ ಎಷ್ಟಿರುತ್ತದೆ? ಇಲ್ಲಿನ ಬಡಗಿಯಿಂದ ಒಂದು ಮಾಡಿಸೋಣ ಎಂದಿದ್ದೇನೆ.

ಉತ್ತರ: ಫಲಕ_ಹಿಡಿದವನು

ನಾಳೆ ಟೇಪು ಹಿಡಿದು ಅಳೆದು ಬರೆಯುತ್ತೇನೆ ಮೇಷ್ಟ್ರೇ. ಹಗುರ ಮರವಿರಲಿ, ಇಲ್ಲದಿದ್ದರೆ ತೋಳು ಸೋತು ಬೀಳುತ್ತದೆ. ಎರಡೂ ಕಡೆ ಬರೆಸಿ. ಮೊದಲು ವಾಹನಗಳು ಪೂರ್ತಿ ನಿಲ್ಲಲಿ, ಆಮೇಲೆ ಮಕ್ಕಳನ್ನು ಕರೆಯಿರಿ.

ಪ್ರತಿಕ್ರಿಯೆ: ಬೆಣ್ಣೆನಗರಿ

ಅಂಕಲ್, 26 ಮೀಟರಿನ ಲೆಕ್ಕವನ್ನು ಯಜಮಾನರಿಗೆ ಓದಿ ಹೇಳಿದೆ. ಕಾಗದ ತೆಗೆದುಕೊಂಡು ತಾವೇ ಇನ್ನೊಮ್ಮೆ ಹಾಕಿ ನೋಡಿ ಸುಮ್ಮನಾದರು. ಇನ್ನೊಂದೇ ಅನುಮಾನ: ಬಸ್ಸಿನ ಹಿಂಬದಿಯಲ್ಲೂ 40 ಎಂದು ಬರೆದು ದೀಪ ಮಿನುಗುತ್ತದೆಯಲ್ಲ, ಅದು ಶಾಲಾ ವಲಯದೊಳಗೆ ಮಾತ್ರವೇ?

ಉತ್ತರ: ಫಲಕ_ಹಿಡಿದವನು

ಅಲ್ಲ, ಎಲ್ಲಿ ಮಿನುಗಿದರೂ ಅನ್ವಯಿಸುತ್ತದೆ. ಮಕ್ಕಳು ಹತ್ತಿ ಇಳಿಯುವ ಬಸ್ಸು ಅದು. ಹಿಂದಿನಿಂದ ಬಂದು ಅದನ್ನು ದಾಟುವವರು 40ಕ್ಕೆ ಇಳಿಸಬೇಕು. ಎದುರಿನಿಂದ ಬರುವವರಿಗೆ ಈ ನಿಯಮವಿಲ್ಲ, ಆದರೂ ಬಸ್ಸಿನ ಮುಂದಿನಿಂದ ಯಾರಾದರೂ ಅಡ್ಡ ಬರುತ್ತಾರೆಯೇ ಎಂದು ನೋಡಿಕೊಂಡು ಹೋಗಿ.